ಸೈಡರ್ ಮನೆಯ ಕೊಸರು

ಈ ಸಲ ಷಡ್ಡಕನ ಬಾಯಿ ಮುಚ್ಚಿಸದಿದ್ದರೆ ತನ್ನ ಹೆಸರು ಗುರುಪ್ರಸಾದನೇ ಅಲ್ಲ ಎಂದು ಗುರುಪ್ರಸಾದ ಶುಕ್ರವಾರ ಸಂಜೆ ಘೋಷಿಸಿದ. ಘೋಷಣೆ ಕೇಳಲು ಅಡುಗೆಮನೆಯಲ್ಲಿ ಇದ್ದವಳು ಹೆಂಡತಿ ಸೌಜನ್ಯ ಒಬ್ಬಳೇ. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

ಷಡ್ಡಕನೆಂದರೆ ಸೌಜನ್ಯಳ ಅಕ್ಕ ಮೈತ್ರಿಯ ಗಂಡ ಸುಹಾಸ್. ಕ್ಯಾಲಿಫೋರ್ನಿಯಾದವನು. ಎರಡು ದಿನದ ಮಟ್ಟಿಗೆ ಹೆಂಡತಿಯೊಡನೆ ವಾಷಿಂಗ್ಟನ್ ರಾಜ್ಯದ ನ್ಯೂಕ್ಯಾಸಲ್ಲಿನ ಇವರ ಮನೆಗೆ ಬಂದಿಳಿದವನು ಬೂಟು ಬಿಚ್ಚುವ ಮೊದಲೇ, "ನಮ್ಮ ಕಡೆ ಮೈಲಿಗೊಂದು ವೈನರಿ ಇದೆ ಗುರು. ನಿಮ್ಮಲ್ಲಿ ಮಳೆ ಬಿಟ್ರೆ ಏನಿದೆ?" ಎಂದಿದ್ದ. ಇದನ್ನು ಇಡೀ ರಾಜ್ಯಕ್ಕಾದ ಅವಮಾನವೆಂದು ಗುರುಪ್ರಸಾದ ಸ್ವೀಕರಿಸಿದ.

ವೈನಿಗೆ ವೈನಿನಿಂದ ಉತ್ತರ ಕೊಡುವುದರಲ್ಲಿ ಏನು ಹೆಚ್ಚುಗಾರಿಕೆ? ಇಲ್ಲಿ ಸೇಬು ಬೆಳೆಯುತ್ತದೆ. ಸೇಬಿನ ರಸವನ್ನು ಹುಳಿ ಬರಿಸಿ ಮಾಡುವ, ಸದ್ದಿಲ್ಲದೆ ತಲೆಗೇರುವ ಸೈಡರ್ ಇದೆ. ಮುಕಿಲ್ಟಿಯೊದಲ್ಲಿ ಫೆರ್ರಿ ಹತ್ತಿದರೆ ಆಚೆ ದ್ವೀಪದಲ್ಲಿ ಒಂದು ಸೈಡರ್ ಮನೆಯೇ ಇದೆ. ಊಟವೂ ಆಯಿತು, ರುಚಿ ನೋಡುವುದೂ ಆಯಿತು. ಗುರುಪ್ರಸಾದ ಅಂದೇ ಕೂತು ಒಂದಷ್ಟು ವಿಡಿಯೊ ನೋಡಿ ಪಂಡಿತನಾದ. ಬೆಳಿಗ್ಗೆ ಫಿಲ್ಟರ್ ಕಾಫಿಯನ್ನು ಲೋಟದಲ್ಲಿ ಗಿರಗಿರ ತಿರುಗಿಸಿ, ಮೂಗು ಇಳಿಬಿಟ್ಟು ಕಣ್ಣುಮುಚ್ಚಿದ.

"ಹಾಲು ಒಡೆದಿದೆಯೇನ್ರೀ?" ಎಂದಳು ಸೌಜನ್ಯ.

ಈ ಪಂಡಿತನ ಒಂದು ಗುಣ ಇಲ್ಲೇ ಹೇಳಿಬಿಡಬೇಕು. ಮೈಸೂರು ಬಿಟ್ಟ ಮೇಲೆ ಅವನು ಬಹಳಷ್ಟನ್ನು ಬಿಟ್ಟಿದ್ದ. ಸಂಧ್ಯಾವಂದನೆ ಬಿಟ್ಟ, ಏಕಾದಶಿ ಬಿಟ್ಟ, ಜನಿವಾರ ಸೂಟ್‌ಕೇಸಿನ ತಳ ಸೇರಿತು. ಎಂಜಲಿನ ವಿಷಯದಲ್ಲಿ ಮಾತ್ರ ಅಜ್ಜಿಯ ಮೊಮ್ಮಗನಾಗಿಯೇ ಉಳಿದಿದ್ದ. ಇನ್ನೊಬ್ಬರ ತುಟಿ ತಾಗಿದ ಲೋಟವೆಂದರೆ ಮಾರು ದೂರ ಹಾರುತ್ತಿದ್ದ. ಕಟ್ಟಿಕೊಂಡ ಹೆಂಡತಿ ಕಚ್ಚಿದ ಬಿಸ್ಕತ್ತನ್ನೂ ಮುಟ್ಟುತ್ತಿರಲಿಲ್ಲ. "ಇದು ಮಡಿ ಅಲ್ಲ, ಹೈಜೀನ್" ಎಂದು ಅದಕ್ಕೆ ಇಂಗ್ಲಿಷಿನ ಪಂಚೆ ಉಡಿಸಿದ್ದ.

ಸೈಡರ್ ಮನೆಯಲ್ಲಿ ಉದ್ದನೆಯ ಮರದ ಮೇಜುಗಳು, ಬಂದವರೆಲ್ಲ ಒಟ್ಟಿಗೆ ಕೂರಬೇಕು. ಊಟದ ಪಟ್ಟಿಯ ತುಂಬ ಹಂದಿ. ಸಸ್ಯಾಹಾರಿಗಳ ಪಾಲಿಗೆ ಬಂದದ್ದು ಸುಟ್ಟ ಹೂಕೋಸು ಮತ್ತು ಉಪ್ಪಿನ ಹರಳು ಮೆತ್ತಿದ, ಗಂಟು ಹಾಕಿದ ಬ್ರೆಡ್ಡು. ಅಕ್ಕ ತಂಗಿಯರು ಒಂದು ಮಾತೂ ಆಡದೆ ಕೈಚೀಲದಿಂದ ಚಟ್ನಿಪುಡಿ ತೆಗೆದು ಹೂಕೋಸಿನ ಮೇಲೆ ಉದುರಿಸಿಕೊಂಡರು. ಹೆಂಗಸರಿಗೆ ಸೈಡರ್ ಬೇಡವಾಗಿತ್ತು. ಸೌಜನ್ಯ ಕಾರು ಓಡಿಸಬೇಕು, ಮೈತ್ರಿಗೆ ಅದರ ವಾಸನೆಯೇ ಸಾಕಾಗಿತ್ತು.

ಗಂಡಸರಿಬ್ಬರಿಗೆ ಹಲಗೆಯ ಮೇಲೆ ಐದು ಪುಟ್ಟ ಗ್ಲಾಸುಗಳು ಬಂದವು. ಸುಹಾಸ್ ಮೊದಲನೆಯದನ್ನು ತುಟಿಗೆ ಒಯ್ಯುವಷ್ಟರಲ್ಲಿ ಗುರುಪ್ರಸಾದ ಅವನ ಮಣಿಕಟ್ಟು ಹಿಡಿದ.

"ತಡೀರಿ ಭಾವ. ಕಚ್ಚಬೇಡಿ."

"ಯಾಕೆ, ಟೇಸ್ಟಿಂಗ್ ಅಂದ್ರೆ ಸಿಪ್ ಮಾಡಬೇಕಲ್ವಾ?"

"ನೀವು ಸಿಪ್ ಮಾಡಿದ್ದನ್ನ ನಾನು ಹೇಗೆ ಸಿಪ್ ಮಾಡ್ಲಿ?"

ಖಾಲಿ ಗ್ಲಾಸುಗಳನ್ನು ತರಿಸಿ, ದೇವಸ್ಥಾನದ ಅರ್ಚಕರ ಶ್ರದ್ಧೆಯಿಂದ ಐದನ್ನೂ ಪಾಲು ಮಾಡಿದ. ತಲಾ ಎರಡೆರಡು ಚಮಚ ಬಂತು. ನಾಲಿಗೆ ಒದ್ದೆಯಾಗುವ ಮೊದಲೇ ಐದೂ ಮುಗಿದವು. ಗುರುಪ್ರಸಾದನ ಉಪನ್ಯಾಸ ಇನ್ನೂ ಪೀಠಿಕೆಯಲ್ಲೇ ಇತ್ತು, ಸುಹಾಸ್ ಆಗಲೇ ಆಕಳಿಸುತ್ತಿದ್ದ. ರಾಜ್ಯದ ಮಾನ ಹೋಗುವ ಸಮಯ.

ಆಗ ಕಣ್ಣಿಗೆ ಬಿತ್ತು, ಮೇಜಿನ ಮಧ್ಯದಲ್ಲಿದ್ದ ಸ್ಟೀಲ್ ಜಗ್ಗು. ಬಗ್ಗಿ ನೋಡಿದರೆ ಮುಕ್ಕಾಲು ಪಾಲು ಸೈಡರ್. ಗುರುಪ್ರಸಾದನಿಗೆ ತಕ್ಷಣ ಅರ್ಥವಾಯಿತು. ಮೈಸೂರಿನ ಹೋಟೆಲುಗಳಲ್ಲಿ ಇಡ್ಲಿ ತಗೊಂಡವರಿಗೆ ಸಾಂಬಾರಿನ ಜಗ್ಗು ಮೇಜಿನ ಮೇಲೇ ಇಡುವುದಿಲ್ಲವೇ? ಸೊಪ್ಪು ಕೊಂಡವರಿಗೆ ಒಂದು ಹಿಡಿ ಹೆಚ್ಚು ಹಾಕುವುದಿಲ್ಲವೇ?

"ಕೊಸರು ಭಾವ, ಕೊಸರು. ಹಲಗೆ ತಗೊಂಡೋರಿಗೆ ಇದು ಫ್ರೀ. ನಿಮ್ಮ ನಾಪಾ ಕಡೆಯ ವೈನರಿಗಳಲ್ಲಿ ಕೊಡ್ತಾರಾ ಹೀಗೆ?"

ಕೊಡುವುದಿಲ್ಲವೆಂದು ಸುಹಾಸ್ ಒಪ್ಪಿಕೊಳ್ಳಬೇಕಾಯಿತು. ಇಬ್ಬರ ಗ್ಲಾಸುಗಳೂ ತುಂಬಿದವು. ಗುರುಪ್ರಸಾದ ಒಂದು ಗುಟುಕು ಬಾಯಲ್ಲಿ ಹೊರಳಿಸಿ ಕಣ್ಣುಮುಚ್ಚಿದ.

"ಇದು ಒಂದು ಹಣ್ಣಿನದಲ್ಲ ಭಾವ. ಎಷ್ಟು ಜನರ ಕೈ ಸೇರಿ ಆಗಿದೆಯೋ. ಒಂದರ ಮೇಲೊಂದು ಪದರ ಬಿಚ್ಕೊಳ್ತಾ ಹೋಗುತ್ತೆ."

ಸುಹಾಸನೂ ಹಿಂದೆ ಬೀಳುವವನಲ್ಲ. "ಕಾಂಪ್ಲೆಕ್ಸ್ ಆಗಿದೆ. ಕೊನೇಲಿ ಸ್ವಲ್ಪ ಉಪ್ಪು ಉಪ್ಪು. ಸಮುದ್ರದ ಗಾಳಿ ಇರಬೇಕು. ನಿಜ ಹೇಳ್ಬೇಕಂದ್ರೆ ಗುರು, ನಾಪಾದಲ್ಲಿ ನಾನು ಇಂಥದ್ದು ಕುಡಿದಿಲ್ಲ."

ಗುರುಪ್ರಸಾದನ ಎದೆ ಅರಳಿತು. ಷಡ್ಡಕನ ಬಾಯಿಂದಲೇ ಈ ಮಾತು ಬಂದಿತ್ತು. ಅಷ್ಟರಲ್ಲಿ ಮೇಜಿನ ಆ ತುದಿಯ ಮುದುಕರೊಬ್ಬರು ಕೈಚಾಚಿ ಜಗ್ಗು ಎಳೆದುಕೊಂಡು, ಅದಕ್ಕೇನೋ ಮಾಡಿ, ಹಿಂದಕ್ಕೆ ತಳ್ಳಿದ್ದನ್ನು ಸೌಜನ್ಯ ನೋಡಿದಳು.

"ರೀ, ಒಂದು ನಿಮಿಷ."

"ಟೇಸ್ಟಿಂಗ್ ನಡೆಯುವಾಗ ಮಧ್ಯೆ ಮಾತಾಡಬಾರದು."

"ಅಲ್ಲಾರೀ, ಆ ಜಗ್ಗಿಗೆ ಅವರು—"

"ಸೌಜು, ನಿನಗೆ ಇದೆಲ್ಲ ಗೊತ್ತಾಗಲ್ಲ."

ಗೊತ್ತಾಗುವುದಿಲ್ಲವೆಂದ ಮೇಲೆ ಹೇಳುವುದೇನಿದೆ? ಸೌಜನ್ಯ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಹಾಕಿ, ಕೈಕಟ್ಟಿ ಕುಳಿತಳು. ಗುರುಪ್ರಸಾದ ಎರಡನೇ ಸುತ್ತು ಬಗ್ಗಿಸಿದ. ಅದು ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಅದು ಮುಗಿದ ಮೇಲೆ ಬಡಿಸುವ ಹುಡುಗಿಯನ್ನು ಗತ್ತಿನಿಂದ ಕರೆದ.

"ಈ ಜಗ್ಗಿನಲ್ಲಿರೋದು ಯಾವ ಸೈಡರ್? ನಮ್ಮ ಭಾವನಿಗೆ ಒಂದು ಡಜನ್ ಬಾಟಲಿ ಕಟ್ಟಿಕೊಡಿ."

ಹುಡುಗಿ ಜಗ್ಗನ್ನು ನೋಡಿದಳು, ಗ್ಲಾಸುಗಳನ್ನು ನೋಡಿದಳು. ಅವಳ ಮುಖ ಸುಣ್ಣದಂತಾಯಿತು.

"ಸರ್, ನೀವು ಅದನ್ನು ಕುಡಿಯಲಿಲ್ಲ ತಾನೇ? ಗ್ಲಾಸಿನಲ್ಲಿ ಕುಡಿದು ಇಷ್ಟವಾಗದೆ ಉಳಿದದ್ದನ್ನು ಸುರಿಯುವುದಕ್ಕೆ ಆ ಜಗ್ಗು. ಬೆಳಿಗ್ಗೆಯಿಂದ ಬಂದವರೆಲ್ಲ ಅದಕ್ಕೇ ಸುರಿದಿದ್ದಾರೆ." ಸ್ವಲ್ಪ ತಡೆದು, ದನಿ ತಗ್ಗಿಸಿ, "ಕೆಲವರು ಉಗುಳುತ್ತಾರೆ ಕೂಡ" ಎಂದಳು.

ಮೈತ್ರಿ ಸೆರಗಿಲ್ಲದ್ದರಿಂದ ಕರವಸ್ತ್ರವನ್ನೇ ಬಾಯಿಗೆ ತುರುಕಿಕೊಂಡಳು. ಷಡ್ಡಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಯಾದಾಗಿನಿಂದ ಅವರ ನಡುವೆ ಇಷ್ಟು ಒಮ್ಮತ ಎಂದೂ ಮೂಡಿರಲಿಲ್ಲ.

"ಗುರು," ಎಂದ ಸುಹಾಸ್, "ಆ ಉಪ್ಪು ಸಮುದ್ರದ್ದಲ್ಲ ಅನ್ಸುತ್ತೆ."

ಹಿಂತಿರುಗುವ ಫೆರ್ರಿಗೆ ಕಾರುಗಳ ಸಾಲು ಉದ್ದಕ್ಕೆ ನಿಂತಿತ್ತು. ಗುರುಪ್ರಸಾದನಿಗೆ ಗಂಟಲು ಒಣಗಿ, ಮನಸ್ಸಿಗೆ ಒಂದು ಬಗೆಯ ವೈರಾಗ್ಯ ಬಂದಿತ್ತು. ಊರವರ ಬಾಯಿಂದ ಬಂದದ್ದೆಲ್ಲ ತನ್ನ ಬಾಯಿಗೆ ಹೋದ ಮೇಲೆ ಇನ್ನು ಯಾವ ಮಡಿ, ಯಾವ ಹೈಜೀನ್? ಸೌಜನ್ಯ ಕುಡಿದು ಇಟ್ಟಿದ್ದ ನೀರಿನ ಬಾಟಲಿ ಪಕ್ಕದಲ್ಲೇ ಇತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ, ಹೆಂಡತಿಯ ಎಂಜಲಿಗೆ ತಾನಾಗಿಯೇ ಕೈಚಾಚಿದ. ಪ್ರೀತಿಯಿಂದಲೇ ಬಾಟಲಿಯನ್ನು ತುಟಿಯ ಹತ್ತಿರಕ್ಕೆ ತಂದ.

ಸೌಜನ್ಯ ಸ್ಟೀರಿಂಗ್ ಬಿಟ್ಟು ಅವನ ಮಣಿಕಟ್ಟು ಹಿಡಿದಳು.

"ರೀ, ಕಚ್ಚಬೇಡಿ. ಎತ್ತಿ ಕುಡೀರಿ."