ಎಲ್ಲರಿಗೂ ಒಂದೇ ಸಾ

ಮಗಳ ಲಗ್ನದ ಬ್ಯಾಂಡಿಗೆ ಸ್ವರಲಿಪಿ ನಾನೇ ಬರೆಯುವೆನೆಂದು ಘೋಷಿಸಿದಾಗ ವಿಜಾಪುರ ರಸ್ತೆಯ ನಮ್ಮ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳೂ ಚಪ್ಪಾಳೆ ತಟ್ಟಿದರು. ಹದಿನೈದು ದಿನ ಮೊಬೈಲ್ ನೋಡಿ ಪಾಶ್ಚಾತ್ಯ ಸಂಗೀತವನ್ನು ಅರೆದು ಕುಡಿದವನು ನಾನು! ಇನ್ನು ನನ್ನನ್ನು ತಡೆಯುವವರು ಯಾರು?

"ಬ್ಯಾಂಡಿನ ನಾಗಣ್ಣ ಮಾಸ್ತರಿಗೆ ಒಂದ್ ಮಾತು ಕೇಳ್ರಿ," ಎಂದಳು ಹೆಂಡತಿ ಕಸ್ತೂರಿ.

"ಅಂವಾ ನನಗ ಕೇಳಬೇಕು, ನಾ ಅವನಿಗಲ್ಲ!" ಎಂದೆ.

ಕಾರಣ ಮಾತ್ರ ಹುಡುಗಾಟದ್ದಲ್ಲ. ಅತ್ತೆ ಸಾವಿತ್ರಿಬಾಯಿಯವರಿಗೆ ಎಂಬತ್ತೆರಡು, ಕಣ್ಣು ಮಂದ. ತವರೂರು ಭಂಡಾರಕವಠೆಯಲ್ಲಿ ತಮ್ಮ ತಾಯಿ ಹಾಡುತ್ತಿದ್ದ ಸೋಬಾನ ಪದವನ್ನು ಮೊಮ್ಮಗಳ ಮೆರವಣಿಗೆಯಲ್ಲಿ ಬ್ಯಾಂಡಿನವರು ಬಾರಿಸಬೇಕು, ಅದೊಂದೇ ಅವರ ಆಸೆ. ಅದು ಸಿನಿಮಾ ಹಾಡಲ್ಲ, ಬ್ಯಾಂಡಿನವರು ಕೇಳಿಯೇ ಇಲ್ಲ. ಪೊಲೀಸ್ ಬ್ಯಾಂಡಿನಿಂದ ನಿವೃತ್ತನಾಗಿ ಈಗ ಈ ಲಗ್ನದ ಬ್ಯಾಂಡ್ ನಡೆಸುವ ನಾಗಣ್ಣ, "ಬರದು ಕೊಟ್ರ ಏನ್ ಬೇಕಾದ್ರೂ ಬಾರಿಸ್ತೀವ್ರಿ ಶೇಠ್," ಎಂದಿದ್ದ.

ಬರೆದೆ! ಅತ್ತೆಯ ಬಾಯಿಂದ ಕೇಳಿದ ಪದವನ್ನು ಮನೆಯ ಕೀಬೋರ್ಡಿನಲ್ಲಿ ನುಡಿಸಿ ನೋಡಿ, ಅದೇ ಸಾಲನ್ನು ಟ್ರಂಪೆಟ್ಟಿಗೂ ಹಾರ್ನಿಗೂ ನಕಲು ಮಾಡಿದೆ. ದಪ್ಪ ಟ್ಯೂಬಾಕ್ಕೆ ದಪ್ಪ ಸ್ವರಗಳ ಚಿಹ್ನೆ, ಬೇಸ್ ಕ್ಲೆಫ್ ಹಾಕಿದೆ. ಮೇಲೆ ಕೆಂಪು ಶಾಯಿಯಲ್ಲಿ, "ಒಂದು ಚುಕ್ಕಿಯೂ ಬದಲಾಗಕೂಡದು" ಎಂಬ ರಾಜಾಜ್ಞೆ!

ಲಗ್ನದ ಹಿಂದಿನ ದಿನ ಅಂಗಡಿಯ ಮುಂದೆ ತಾಲೀಮು. ಅತ್ತೆಯವರನ್ನು ಕುರ್ಚಿ ಹಾಕಿ ಕೂರಿಸಿದೆ. ನಾಗಣ್ಣ ಕೈ ಎತ್ತಿದ. ಟ್ರಂಪೆಟ್ ಒಂದು ದಿಕ್ಕಿಗೆ ಹೋಯಿತು, ಹಾರ್ನ್ ಇನ್ನೊಂದು ದಿಕ್ಕಿಗೆ. ಎರಡು ಬೀಗರ ಮನೆಯವರು ಒಂದೇ ಓಣಿಯಲ್ಲಿ ಜಗಳಕ್ಕೆ ನಿಂತಂತಾಯಿತು! ಟ್ಯೂಬಾದವನು ಊದಲೇ ಇಲ್ಲ.

"ಈ ಗುರ್ತು ನಾ ನೋಡೇ ಇಲ್ರಿ," ಎಂದ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇದು ನಮ್ಮವ್ವನ ಪದ ಅಲ್ಲಪ್ಪಾ."



ಭಜನಿ ಮಂಡಳದಲ್ಲಿ ಹಾಡುವ ಕಸ್ತೂರಿ ಮುಂದೆ ಬಂದಳು. "ಎಲ್ಲಾರೂ ನಿಮ್ಮ ನಿಮ್ಮ ಸಾ ಊದ್ರಿ." ಊದಿದರು. ಒಬ್ಬೊಬ್ಬನ ಸಾ ಒಂದೊಂದು ಕಡೆ!

"ಅಹೋ," ಎಂದು ಕಸ್ತೂರಿ ನನ್ನತ್ತ ತಿರುಗಿದಳು, "ಹಾರ್ಮೋನಿಯಂ ಪೇಟಿ ಮ್ಯಾಲ ನಿಮ್ಮ ದನಿ ಒಂದನೇ ಕರಿ ಮನಿ, ನನ್ನ ದನಿ ಐದನೇ ಕರಿ ಮನಿ. ಪೇಟಿ ಬಾರಿಸಾವ ಇಬ್ಬರಿಗೂ ಒಂದ ಸಾ ಕೊಟ್ರ ಹಾಡಾಕ ಬರ್ತದೇನು? ನೀವು ಎಲ್ಲಾ ವಾದ್ಯಕ್ಕೂ ಕೀಬೋರ್ಡಿಂದು ಸಾ ಕೊಟ್ಟೀರಿ!"

"ವೈನಿ ಬರೋಬ್ಬರ ಹೇಳಿದ್ರು!" ಎಂದ ನಾಗಣ್ಣ. "ಟ್ರಂಪೆಟ್ಟಿಗೆ ಒಂದು ಸ್ವರ ಮ್ಯಾಲ ಬರೀಬೇಕ್ರಿ, ಹಾರ್ನಿಗೆ ಐದು. ಮತ್ತ ನಮ್ಮ ಬ್ಯಾಂಡಿನಾಗ ಸಣ್ಣದು ದೊಡ್ಡದು ಎಲ್ಲಾದಕ್ಕೂ ಸಣ್ಣ ಸ್ವರದ ಗುರ್ತು, ಟ್ರೆಬಲ್ ಕ್ಲೆಫ್ ಒಂದ. ಯಾವ ವಾದ್ಯ ಕೈಗೆ ತಗೊಂಡ್ರೂ ಬೆರಳು ಇಡೂದು ಬದಲಾಗಂಗಿಲ್ಲ."

"ಮತ್ತ ಮೊದಲ ಯಾಕ ಹೇಳಲಿಲ್ಲೋ?"

"ಚುಕ್ಕಿ ಬದಲಾಗಬಾರದಂತ ನೀವ ಬರದೀರಲ್ರಿ!"

ಸಂಜೆಯವರೆಗೆ ಕಸ್ತೂರಿ ಹಾಡಿದಳು, ನಾಗಣ್ಣ ಸ್ವರ ಹೇಳಿದ, ಸಂಗೀತ ಪಂಡಿತನಾದ ನಾನು ಗುಮಾಸ್ತನಂತೆ ಬರೆದುಕೊಂಡೆ.

ಮರುದಿನ ಲಗ್ನದ ಊರು ಅಕ್ಕಲಕೋಟದಲ್ಲಿ ಮೆರವಣಿಗೆ ಹೊರಡುವ ಹೊತ್ತಿಗೆ ಝಾಂಜ್ ಬಡಿಯುವವನೇ ಬಂದಿರಲಿಲ್ಲ. ನಾಗಣ್ಣ ಆ ಎರಡು ಹಿತ್ತಾಳೆ ತಟ್ಟೆಗಳನ್ನು ನನ್ನ ಕೈಗಿತ್ತು, ತಲೆಗೆ ಬ್ಯಾಂಡಿನ ಕೆಂಪು ಟೋಪಿ ಇಟ್ಟ. "ಹೊಡೀರಿ ಶೇಠ್! ಇದಕ್ಕ ಸಾನೂ ಇಲ್ಲ, ಕ್ಲೆಫೂ ಇಲ್ಲ. ನಿಮಗ ಇದ ಚಲೋ."

ಸೋಬಾನ ಪದ ಶುರುವಾಯಿತು ನೋಡಿ! ಟ್ರಂಪೆಟ್, ಹಾರ್ನ್, ಟ್ಯೂಬಾ ಎಲ್ಲ ಒಂದಾಗಿ ಹಾಡಿದವು. ಬೀದಿಗೆ ಬೀದಿಯೇ ನಿಂತು ಕೇಳಿತು. ಮಗಳು ಪ್ರಾಜಕ್ತಾ ಅಜ್ಜಿಯ ಕೈಹಿಡಿದು ಕುಣಿದಳು. ಕಸ್ತೂರಿ ಅತ್ತಳು. ನಾನೂ ಅಳುತ್ತಲೇ, ಗೆದ್ದ ಹುರುಪಿನಲ್ಲಿ ಝಾಂಜ್ ಬಡಿದೆ, ಬಡಿದೆ, ಬಡಿದೇ ಬಡಿದೆ!

ಪದ ಮುಗಿದಾಗ ಅತ್ತೆ ನಾಗಣ್ಣನನ್ನು ಹತ್ತಿರ ಕರೆದು ಅವನ ತಲೆ ಸವರಿದರು.

"ನಮ್ಮವ್ವನೇ ಬಂದು ಹಾಡಿದಂಗಾತಪ್ಪಾ! ಆದ್ರ ಒಂದು ಹೇಳ್ತೀನಿ, ಆ ಕೆಂಪು ಟೋಪಿ ಝಾಂಜದಾಂವ ಅದಾನಲ್ಲ, ಅವನನ್ನ ಮುಂದಿನ ಲಗ್ನಕ್ಕ ಕರಕೊಂಡು ಬರಬ್ಯಾಡ."