ಅತ್ತೆಯ ಕತ್ತು ಕೊಟ್ಟ ಒಪ್ಪಿಗೆ

ನಮ್ಮ ಸೋದರತ್ತೆಯ ಒಪ್ಪಿಗೆ ಬೇಕಿದ್ದರೆ ಸಂಜೆ ಹೊತ್ತು ಹೋಗಬೇಕು. ಬೆಳಿಗ್ಗೆ ಹೋದಿರೋ, ಕೆಟ್ಟಿರಿ! ಮಲ್ಲಂದೂರಿನ ಆಸುಪಾಸಿನವರಿಗೆಲ್ಲ ಈ ಗುಟ್ಟು ಗೊತ್ತು.

ಅತ್ತೆಯ ಮೈಯೇ ಅತ್ತೆಯ ಸ್ನಾಯುಗಳ ಮೇಲೆ ತಿರುಗಿಬಿದ್ದಿದೆ. ಆ ಕಾಯಿಲೆಯ ಹೆಸರು ನಮ್ಮ ಬಾಯಲ್ಲಿ ಹೊರಳುವುದಿಲ್ಲ. ಪೂರ್ತಿ ವಾಸಿಯಾಗುವುದಿಲ್ಲ, ಮಾತ್ರೆಯಲ್ಲೇ ದಿನ ತಳ್ಳಬೇಕು ಎಂದಿದ್ದಾರೆ ಡಾಕ್ಟರು. ಮಾತ್ರೆ ನುಂಗಿದರೆ ಒಂದಷ್ಟು ಹೊತ್ತು ಜೀವ ಬರುತ್ತದೆ, ಆಮೇಲೆ ಇಳಿದುಹೋಗುತ್ತದೆ. ನಿದ್ದೆ ಮಾಡಿ ಎದ್ದು ನುಂಗುವ ಬೆಳಗಿನ ಮಾತ್ರೆಗೇ ಹೆಚ್ಚು ಕಸುವು. ಬೇರೆಯವರಾದರೆ ಆ ಹೊತ್ತನ್ನು ದೇವರ ಪೂಜೆಗೆ ಇಟ್ಟುಕೊಳ್ಳುತ್ತಿದ್ದರೇನೋ. ಅತ್ತೆ ಜಗಳಕ್ಕೆ ಇಟ್ಟುಕೊಂಡಿದ್ದಾರೆ. ಹಿಂದಿನ ದಿನದ ಸಿಟ್ಟನ್ನೆಲ್ಲ ಜೋಪಾನ ಮಾಡಿ, ತೋಟದ ಮೇಸ್ತ್ರಿಗೆ, ಮಾವನಿಗೆ, ಫೋನಿನಲ್ಲಿ ನನಗೆ ಹಂಚಿ ಮುಗಿಸುತ್ತಾರೆ. ಊಟದ ಹೊತ್ತಿಗೆ ಅಕ್ಕಿರೊಟ್ಟಿ ಅಗಿಯಲು ದವಡೆಯಲ್ಲಿ ಶಕ್ತಿಯೇ ಇರುವುದಿಲ್ಲ. ಬೈಯದೆ ಉಳಿಸಿಕೊಂಡಿದ್ದರೆ ರೊಟ್ಟಿ ತಿನ್ನಬಹುದಿತ್ತಲ್ಲ ಎಂದರೆ, "ರೊಟ್ಟಿ ಬದ್ಲು ಗಂಜಿ ಕುಡೀಬೋದು ಮಾರಾಯ್ತಿ. ಬೈಯೋದ್ರ ಬದ್ಲು ಏನ್ ಮಾಡ್ಲಿ?" ಎನ್ನುತ್ತಾರೆ.

ಇನ್ನೊಂದು ಮಾತ್ರೆ ಮುಖವನ್ನು ಊದಿಸಿ ದುಂಡಗೆ ಮಾಡಿತು. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಮೈಕೈ ತುಂಬಿಕೊಂಡಿದ್ದೀರಿ ಎಂದು ಸಂತೋಷಪಟ್ಟರು. ಕಾಯಿಲೆ ಎಂದರೆ ನಂಬುವವರು ಯಾರು? ಜೋತುಬಿದ್ದ ರೆಪ್ಪೆಯನ್ನು ಪ್ಲಾಸ್ಟರಿನಿಂದ ಹಣೆಗೆ ಅಂಟಿಸಿಕೊಂಡು ಹೋದಾಗ, ಎಲ್ಲಿ ಬಿದ್ದಿರಿ ಎಂದು ಕೇಳಿದರು.

ಸಂಜೆಯಾದರೆ ಕತ್ತು ನಿಲ್ಲುವುದಿಲ್ಲ, ತಲೆ ಮುಂದಕ್ಕೆ ಬಾಗುತ್ತದೆ. ನೋಡಿದವರಿಗೆ ‘ಆಗಲಿ’ ಎಂದು ತಲೆಯಾಡಿಸಿದಂತೆಯೇ! ರಜೆ ಕೇಳುವ ಮೇಸ್ತ್ರಿಯೂ ಚಂದಾ ಕೇಳುವ ಊರವರೂ ಸಂಜೆಯೇ ಬರುತ್ತಾರೆ. ನನ್ನ ಮದುವೆ ಗಟ್ಟಿಯಾದದ್ದೂ ಹೀಗೆಯೇ. ಅಪ್ಪ ಹೋದ ಮೇಲೆ ನನಗೆ ಅತ್ತೆಯೇ ಹಿರಿಯರು. ವಸ್ತಾರೆ ಕಡೆಯ ಗಂಡಿನವರು ಬಂದಾಗ ಕತ್ತಲಾಗಿತ್ತು. ಸಂಬಂಧ ಒಪ್ಪಿಗೆಯಾ ಎಂದರು, ಅತ್ತೆಯ ತಲೆ ಬಾಗಿತು, ಅವರು ಸಕ್ಕರೆ ಹಂಚಿಯೇಬಿಟ್ಟರು. ನನಗೆ ಹುಡುಗ ಹಿಡಿಸಿದ್ದರಿಂದ ನಾನೂ ಸುಮ್ಮನಿದ್ದೆ. ಮರುದಿನ ಬೆಳಿಗ್ಗೆ ಮಾತ್ರೆ ಹಿಡಿದ ಮೇಲೆ ಅತ್ತೆ ನನ್ನನ್ನು ಕೂರಿಸಿಕೊಂಡು, "ನಾನ್ ಒಪ್ಪಿದ್ದಲ್ಲ ಕಣೇ, ನನ್ ಕತ್ತು ಒಪ್ಪಿದ್ದು" ಎಂದರು. ನನ್ನ ಗಂಡ ಈಗಲೂ ಅವರ ಬಾಯಲ್ಲಿ ಕತ್ತು ಆರಿಸಿದ ಅಳಿಯ.

ಕಳೆದ ಮಳೆಗಾಲದಲ್ಲಿ ಅತ್ತೆಗೆ ನೀರೂ ಗಂಟಲಲ್ಲಿ ಇಳಿಯದಾಯಿತು, ಉಸಿರು ಸಣ್ಣದಾಯಿತು. ಘಟ್ಟ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಕುತ್ತಿಗೆಗೆ ದಪ್ಪ ನಳಿಗೆ ಹಾಕಿ, ರಕ್ತ ಹೊರತೆಗೆದು, ಅದರಲ್ಲಿನ ಕೆಟ್ಟದ್ದನ್ನು ಬೇರೆ ಮಾಡಿ ಉಳಿದದ್ದನ್ನು ಮತ್ತೆ ಒಳಗೆ ಬಿಡುವ ಚಿಕಿತ್ಸೆ. ದಿನ ಬಿಟ್ಟು ದಿನ ಅದೇ. ಅತ್ತೆ ನಲುಗಿಹೋದರು. ಬೆಳಗಿನ ಬೈಗುಳವೂ ನಿಂತಿತು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಒಂದು ಸಂಜೆ ಮಾವನಿಗೆ ನೋಡಲಾಗಲಿಲ್ಲ. ಮಂಚದ ಪಕ್ಕ ಬಗ್ಗಿ, "ಸಾಕಾಯ್ತೇನೇ? ಮನೆಗ್ ಹೋಗಾಣ?" ಎಂದು ಕೇಳಿದರು.

ದಿಂಬಿಗೆ ಒರಗಿ ಕೂತಿದ್ದ ಅತ್ತೆಯ ತಲೆ ಮುಂದಕ್ಕೆ ಬಾಗಿತು.

ಮಾವ ಕಣ್ಣೊರೆಸಿಕೊಂಡು ಡಾಕ್ಟರನ್ನು ಕರೆಯಲು ಎದ್ದರು. ನಾನೂ ತಡೆಯಲಿಲ್ಲ. ಅಷ್ಟರಲ್ಲಿ ಅತ್ತೆಯ ಕೈ ಮೇಲೆ ಬಂತು. ತಮ್ಮ ಗದ್ದ ತಾವೇ ಹಿಡಿದು ತಲೆ ಎತ್ತಿದರು. ಹಿಡಿದುಕೊಂಡೇ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ತಿರುಗಿಸಿದರು.

ಮಾವ ಮತ್ತೆ ಕೂತರು. ನನಗೆ ಅಳು ತಡೆಯಲಾಗಲಿಲ್ಲ. ಆ ಕೈ ಸೋಲುವ ಮೊದಲು ಹೋಗಿ ಅತ್ತೆಯ ಗದ್ದದ ಕೆಳಗೆ ನನ್ನ ಕೈ ಇಟ್ಟೆ.