ದೊರೆಸಾನಿಯ ಹನ್ನೊಂದು ಬೆಟ್ಟ

ಗಣಿ ಆಫೀಸಿನಲ್ಲಿ ಟೈಪು ಹೊಡೆಯುವವನ ಮುಂದೆ ಯಾರೂ ಗುಟ್ಟು ಇಟ್ಟುಕೊಳ್ಳುವುದಿಲ್ಲ. ಅವನನ್ನೂ ಮೆಷಿನ್ನಿನ ಒಂದು ಭಾಗ ಎಂದೇ ತಿಳಿದಿರುತ್ತಾರೆ. ಹೀಗಾಗಿ ನಗುವಂಥ ಸಂಗತಿಗಳು ತಾವಾಗಿಯೇ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ದಿನಾ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಹೋಗುತ್ತಿದ್ದೆ, ಸಂಜೆ ಅದೇ ರೈಲಿನಲ್ಲಿ ಒಬ್ಬನೇ ನಗುತ್ತಾ ಬರುತ್ತಿದ್ದೆ. ಈ ಗುಮಾಸ್ತನಿಗೆ ಸ್ವಲ್ಪ ಹೆಚ್ಚುಕಮ್ಮಿ ಎಂದು ಊರಲ್ಲಿ ಮಾತಾಗಿತ್ತು. ನನ್ನ ತಪ್ಪಿಲ್ಲದ ಪ್ರಸಂಗಗಳು ಬಹಳ ಇವೆ. ಇಲ್ಲಿ ಹೇಳುತ್ತಿರುವುದು ಆ ಜಾತಿಯದಲ್ಲ.

೧. ಮೆಟ್ಟಿಲು ಎಷ್ಟು?

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷವಿತ್ತು. ನಮ್ಮ ಗಣಿಯ ದೊರೆಗೆ ಆರು ತಿಂಗಳ ರಜೆ ಬಂತು. ಬೊಂಬಾಯಿಯಲ್ಲಿ ಹಡಗು ಹತ್ತಿ ಇಟಲಿಯಲ್ಲಿ ಇಳಿಯುವುದು, ಅಲ್ಲಿಂದ ರೈಲಿನಲ್ಲಿ ವಿಲಾಯತಿಗೆ ಹೋಗುವುದು. ನಡುವೆ ಹತ್ತು ದಿನ ಇಟಲಿ ಸುತ್ತಬೇಕೆಂದು ದೊರೆಸಾನಿಯ ಆಸೆ. ಆ ದೇಶದಲ್ಲಿ ಬೆಟ್ಟದ ನೆತ್ತಿಯ ಮೇಲೇ ಊರು ಕಟ್ಟಿಕೊಂಡಿದ್ದಾರಂತೆ. ಸುತ್ತ ಕೋಟೆ, ಒಳಗೆ ಕಲ್ಲುಹಾಸಿನ ಬೀದಿ, ಹಳೆಯ ಚರ್ಚು, ಗೋಡೆ ತುಂಬ ಚಿತ್ರ. ದೊರೆಸಾನಿ ಅಂಥ ಹನ್ನೊಂದು ಊರಿನ ಪಟ್ಟಿ ತಂದುಕೊಟ್ಟರು.

ದೊರೆ ಅದನ್ನು ಓದಿ, "ಮೂರು" ಎಂದರು.

ಆ ಮೂರು ಯಾವುವೆಂದು ತೀರ್ಮಾನವಾಗುವಷ್ಟರಲ್ಲಿ ನಾನು ಎಂಟು ಸಲ ಪಟ್ಟಿ ಟೈಪು ಮಾಡಿದ್ದೆ. ಸಿಯೆನಾ ಒಳಗೆ ಬಂದರೆ ಪೆರೂಜಾ ಹೊರಗೆ, ಪೆರೂಜಾ ಬಂದರೆ ಅಸ್ಸೀಸಿ ಹೊರಗೆ. ದೊರೆಗೆ ಚರ್ಚೂ ಬೇಡ, ಚಿತ್ರವೂ ಬೇಡ. ಪ್ರತಿ ಊರಿನ ಎದುರಿಗೂ ಕೆಂಪು ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಬರೆದರು: "ಮೆಟ್ಟಿಲು ಎಷ್ಟು?"

ದೊರೆಸಾನಿಗೆ ರೇಗಿತು. "ದಿನಾ ಸಾವಿರಾರು ಅಡಿ ಗಣಿಯೊಳಗೆ ಇಳಿಯುವವರು ಇನ್ನೂರು ಮೆಟ್ಟಿಲಿಗೆ ಅಳುತ್ತೀರಲ್ಲ!"

"ಇಳಿಯುವುದಕ್ಕೆ ಕಂಪನಿ ಸಂಬಳ ಕೊಡುತ್ತದೆ," ಎಂದರು ದೊರೆ. "ಹತ್ತುವುದಕ್ಕೆ ನೀನು ಏನು ಕೊಡುತ್ತೀಯ?"

೨. ಮುಡಿ

ಬಂಗಲೆಯ ಬಟ್ಲರು ಬೇತಮಂಗಲದ ಕಡೆಯವನು. ಪಟ್ಟಿ ತೆಗೆದುಕೊಂಡು ಹೋಗಲು ಬಂದವನು ಕೇಳಿದ: "ಏನ್ ಸ್ವಾಮಿ, ದೊರೆಗ್ಳು ಎಲ್ಗೋ ಒಂಟವ್ರಂತೆ?"

"ಬೆಟ್ಟಕ್ಕೆ," ಎಂದೆ ನಾನು, ತಲೆಯೆತ್ತದೆ.

ನಮ್ಮ ಕಡೆ ಗಂಡ ಹೆಂಡತಿ ಗಂಟು ಕಟ್ಟಿಕೊಂಡು ಬೆಟ್ಟಕ್ಕೆ ಹೊರಟರು ಎಂದರೆ ಅದು ತಿರುಪತಿ, ಅದು ಹರಕೆ. ಟೈಪಿನ ಗಡಿಬಿಡಿಯಲ್ಲಿ ನನಗೆ ಅದು ಹೊಳೆಯಲಿಲ್ಲ. ಸಾಲದ್ದಕ್ಕೆ, "ಒಂದಲ್ಲ, ಮೂರು ಬೆಟ್ಟ" ಎಂದೂ ಸೇರಿಸಿದೆ.

"ಮೂರಾ!" ಬಟ್ಲರು ಎದೆ ಮುಟ್ಟಿಕೊಂಡ. "ಪಾಪ, ಅದೇನ್ ಕಷ್ಟ ಬಂದಿತ್ತೋ ಆಯಮ್ಮಂಗೆ."

ಮಾರನೆಯ ದಿನ ದೊರೆಸಾನಿ ಆಫೀಸಿಗೇ ಬಂದರು. "ಆಯಾ ನನ್ನ ತಲೆ ಬಾಚುತ್ತಾ ಅಳುತ್ತಾಳೆ. ತೋಟದ ಮಾಲಿ ನನ್ನ ಕೂದಲು ನೋಡಿ ಕೈಮುಗಿಯುತ್ತಾನೆ. ನನ್ನ ತಲೆಗೆ ಏನಾಗಿದೆ, ಸ್ವಲ್ಪ ಹೇಳು."

ಹರಕೆ ಎಂದರೇನು, ಮುಡಿ ಕೊಡುವುದು ಎಂದರೇನು ಎಂದು ನಾಚಿಕೊಂಡೇ ವಿವರಿಸಿದೆ. ಆಕೆ ಕುರ್ಚಿ ಹಿಡಿದುಕೊಂಡು ನಕ್ಕರು. ದೊರೆ ಮಾತ್ರ ಗಂಭೀರವಾಗಿ ಕೇಳಿಸಿಕೊಂಡು, "ಮುಡಿ ಕೊಟ್ಟರೆ ಬೆಟ್ಟ ಮೂರರಿಂದ ಎರಡಕ್ಕೆ ಇಳಿಯುತ್ತದೆಯೇ? ಹಾಗಿದ್ದರೆ ನನ್ನದು ತೆಗೆದುಕೊಳ್ಳಲಿ," ಎಂದು ಟೋಪಿ ತೆಗೆದರು.

ಟೋಪಿಯ ಕೆಳಗೆ ದೇವರಿಗೆ ಕೊಡುವಂಥದ್ದು ಏನೂ ಉಳಿದಿರಲಿಲ್ಲ.

೩. ನೀರು ಯಾರು ಹೊರುತ್ತಾರೆ?

ಈ ಕಥೆಯನ್ನೆಲ್ಲ ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ರಾಗಿ ಬೀಸುತ್ತಿದ್ದಳು.

"ಬೆಟ್ಟದ್ ಮ್ಯಾಲೆ ಊರಾ? ನೀರ್ಗೇನ್ ಮಾಡ್ತಾರ್ಲಾ?"

"ಕೆಳಗಿಂದ ಹೊರ್ತಾರಂತಮ್ಮ."

"ಯಾರು?"

"ಹೆಂಗಸರು."

ಬೀಸುವ ಕಲ್ಲು ನಿಂತಿತು. "ಅಂಥಾ ಊರ್ಗೆ ಎಣ್ಣು ಯಾರ್ಲಾ ಕೊಟ್ಟಾರು?"

ಆಗ ನಮ್ಮ ಗಣಿಯಲ್ಲಿ ಬಂಡೆ ಕೊರೆಯುವ ಕೆಲಸಕ್ಕೆ ಇಟಲಿಯವರೂ ಇದ್ದರು. ಅವರಲ್ಲಿ ಒಬ್ಬ ಮೇಸ್ತ್ರಿ ಅಂಥದೇ ಒಂದು ಬೆಟ್ಟದ ಊರಿನವನು. ನಲವತ್ತಾದರೂ ಮದುವೆಯಾಗಿರಲಿಲ್ಲ. ಗಣಿಯೊಳಗೆ ಕಲಿತ ತಮಿಳು, ತೆಲುಗು, ಕನ್ನಡಗಳನ್ನು ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಿದ್ದ. ಮಾರನೆಯ ದಿನ ಅಮ್ಮನ ಮಾತನ್ನು ಅವನಿಗೆ ಹೇಳಿದೆ.

"ಗುಮಾಸ್ತಾ, ನಿಮ್ ಅಮ್ಮಾ ರೊಂಬ ಬುದ್ಧಿ!" ಎಂದು ಅವನು ಹಣೆ ಚಚ್ಚಿಕೊಂಡ. "ಮೂರು ಸಂಬಂಧ ಬಂತು ನಂಗೆ. ಮೂರು ಹುಡುಗೀನೂ ನನ್ ಮುಖ ನೋಡಿಲ್ಲ, ಬೆಟ್ಟದ್ ಕೆಳಗಿರೋ ಬಾವಿ ನೋಡಿ ಓಡಿಹೋದ್ರು."

೪. ಹೊಸಕೋಟೆ

ಅಂದಿನಿಂದ ಮೇಸ್ತ್ರಿ ಪಾಳಿ ಮುಗಿಸಿ ದಿನಾ ನನ್ನ ಮೇಜಿನ ಹತ್ತಿರ ಬಂದು ನಿಲ್ಲತೊಡಗಿದ. ಪಟ್ಟಿಯಲ್ಲಿ ಎರಡು ಊರು ಖಾಯಂ ಆಗಿದ್ದವು. ಮೂರನೆಯದಕ್ಕೆ ದೊರೆಸಾನಿ ಪೆರೂಜಾ ಎನ್ನುತ್ತಿದ್ದರು. ಅದರ ಜಾಗದಲ್ಲಿ ತನ್ನ ಊರು ಸೇರಬೇಕು ಎಂದು ಅವನ ಹಟ.

"ನಮ್ ಊರು ಕ್ಯಾಸ್ಟೆಲ್‌ನುವೋವೊ. ಕ್ಯಾಸ್ಟೆಲ್ ಅಂಟೆ ಕೋಟೆ. ನುವೋವೊ ಅಂಟೆ ಹೊಸದು."

"ಅಯ್ಯೋ, ಹೊಸಕೋಟೆ!" ಎಂದೆ. ನಮ್ಮ ಅಕ್ಕನನ್ನು ಹೊಸಕೋಟೆಗೇ ಕೊಟ್ಟಿತ್ತು. ಆ ಕ್ಷಣದಿಂದ ಅವನು ನನಗೆ ನೆಂಟನಂತೆ ಕಂಡ.

ಅಲ್ಲಿ ಅವನ ತಾಯಿ ಮರಿಯಾ ಒಬ್ಬಳೇ ಇದ್ದಳು. ಮುದುಕಿ, ಓದು ಬಾರದು. ಅವನು ಊರು ಬಿಟ್ಟು ಒಂಬತ್ತು ವರ್ಷವಾಗಿತ್ತು. ಎರಡು ಸಲ ರಜೆ ಕೇಳಿದ್ದಕ್ಕೆ ದೊರೆ ಕೆಲಸ ನಿಲ್ಲುತ್ತದೆ ಎಂದು ಒಪ್ಪಿರಲಿಲ್ಲ. "ಯಾರಾದ್ರೂ ಹೋಗಿ, ಅವಳ ಮುಖ ನೋಡಿ, ಇದಾಳೆ ಅಂತ ಬಂದು ಹೇಳಿದ್ರೆ ಸಾಕು ಗುಮಾಸ್ತಾ," ಎಂದ. ನನಗೆ ಕಣ್ಣು ಒದ್ದೆಯಾಯಿತು.

ಮೂರನೆಯ ಸಾಲಿನಲ್ಲಿ ಅವನ ಊರನ್ನು ಹಾಕಿ, ಎದುರಿಗೆ "ಮೆಟ್ಟಿಲು: ಇಲ್ಲ" ಎಂದು ಟೈಪು ಮಾಡಿದೆ. ದೊರೆ ಮರುಮಾತಿಲ್ಲದೆ ಒಪ್ಪಿದರು. ದೊರೆಸಾನಿ ಮಾತ್ರ ನನ್ನ ಮುಖವನ್ನೇ ನೋಡಿ, "ಅಲ್ಲಿ ಏನಿದೆ?" ಎಂದರು. ಆಕೆಯ ಎದುರು ಸುಳ್ಳು ಹೊರಡಲಿಲ್ಲ. "ಒಬ್ಬ ತಾಯಿ ಇದ್ದಾಳೆ ಮೇಡಂ," ಎಂದುಬಿಟ್ಟೆ. ಆಕೆ ಕೆಂಪು ಪೆನ್ಸಿಲು ತೆಗೆದುಕೊಂಡು, ಹಳೆಯ ಪಟ್ಟಿಯಲ್ಲಿ ಪೆರೂಜಾದ ಮೇಲೆ ತಾವೇ ಗೀಟು ಎಳೆದರು.

ಮೇಸ್ತ್ರಿ ಬಂಗಾರಪೇಟೆ ಸಂತೆಯಲ್ಲಿ ತನ್ನ ಅಮ್ಮನಿಗೆಂದು ಒಂದು ಕರಿ ಕಂಬಳಿ ಕೊಂಡು, ಒಂದು ಕಾಗದದ ಜೊತೆಗೆ ತಂದುಕೊಟ್ಟ. ದೊರೆಸಾನಿ ಕಂಬಳಿಯನ್ನು ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ಕೇಳಿದರು: "ಕುರಿ ಇನ್ನೂ ಇದರೊಳಗೇ ಇದೆಯೇನು?"

೫. ಅಮ್ಮ ಕೊಟ್ಟಿದ್ದು

ಆರು ತಿಂಗಳಾದ ಮೇಲೆ ದಂಪತಿಗಳು ವಾಪಸು ಬಂದರು. ನನ್ನನ್ನೂ ಮೇಸ್ತ್ರಿಯನ್ನೂ ಬಂಗಲೆಗೆ ಕರೆಸಿದರು. ಮೇಸ್ತ್ರಿ ಕ್ಷೌರ ಮಾಡಿಸಿಕೊಂಡು, ಭಾನುವಾರದ ಕೋಟು ಹಾಕಿಕೊಂಡು ಬಂದಿದ್ದ.

"ಮುನ್ನೂರ ಹನ್ನೆರಡು ಮೆಟ್ಟಿಲು," ಎಂದರು ದೊರೆ ನನ್ನನ್ನು ನೋಡಿ. ನಾನು ನೆಲ ನೋಡಿದೆ.

ದೊರೆಸಾನಿ ಖುಷಿಯಿಂದ ಹೇಳುತ್ತಾ ಹೋದರು. ಚರ್ಚಿನ ಬಾಗಿಲಲ್ಲಿ ನಿಂತು, ಮಗ ಹೊರದೇಶದ ಗಣಿಯಲ್ಲಿರುವ ಮರಿಯಾ ಯಾರು ಎಂದು ವಿಚಾರಿಸಿದರಂತೆ. ಮುದುಕಿಯೊಬ್ಬಳು ಓಡಿಬಂದಳಂತೆ. ಕಂಬಳಿ ಹೊದ್ದುಕೊಂಡಳು, ಕಾಗದಕ್ಕೆ ಮುತ್ತಿಟ್ಟು ಒಡೆಯದೆ ಎದೆಯಲ್ಲಿ ಸಿಕ್ಕಿಸಿಕೊಂಡಳು, ಎರಡು ದಿನ ಬಿಡದೆ ಊಟ ಹಾಕಿದಳು. "ಇಲ್ಲಿ ನೋಡು, ನಿನ್ನ ತಾಯಿ," ಎಂದು ಫೋಟೋ ಕೊಟ್ಟರು.

ಮೇಸ್ತ್ರಿ ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡ. ಬಹಳ ಹೊತ್ತು ನೋಡಿದ.

"ದೊರೆಸಾನಿ," ಎಂದ, "ಇದು ನಮ್ ಅಮ್ಮಾ ಅಲ್ಲ."

ಆಗ ನನಗೆ ಫಾರಮ್ಮು ನೆನಪಾಯಿತು. ಅವನು ಬರೆದುಕೊಟ್ಟ ಊರಿನ ಹೆಸರಿನ ಕೊನೆಗೆ ಎರಡು ಪದದ ಬಾಲವಿತ್ತು. ಹಡಗು ಕಂಪನಿಯ ಫಾರಮ್ಮಿನಲ್ಲಿ ಜಾಗ ಸಾಲದೆ ನಾನು ಬಾಲ ಕತ್ತರಿಸಿದ್ದೆ. ನಮ್ಮ ತಾಲ್ಲೂಕಿನಲ್ಲೇ ಹೊಸಹಳ್ಳಿಗಳು ಎಷ್ಟಿವೆ ಎಂದು ಬಲ್ಲ ನನಗೆ, ಅಷ್ಟು ದೊಡ್ಡ ದೇಶದಲ್ಲಿ ಹೊಸಕೋಟೆ ಒಂದೇ ಇರುತ್ತದೆ ಎಂದು ಹೇಗೆ ಅನ್ನಿಸಿತೋ! ಮರಿಯಾ ಎಂಬ ಹೆಸರೋ, ನಮ್ಮ ಕಡೆ ಮುನಿಯಮ್ಮ ಇದ್ದ ಹಾಗೆ, ಮನೆಗೊಂದು. ಆ ಮುದುಕಿಯ ಮಗ ಅಮೆರಿಕದ ಯಾವುದೋ ಗಣಿಯಲ್ಲಿದ್ದಿರಬೇಕು. ಸಮುದ್ರದ ಆಚೆಯದೆಲ್ಲ ಅವಳಿಗೆ ಒಂದೇ ಊರು.

ತಪ್ಪು ನನ್ನದು ಎಂದು ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ಕಾದು ನಿಂತೆ. ದೊರೆ ಎಡಗೆನ್ನೆ ಸವರಿಕೊಂಡರು. ದೊರೆಸಾನಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

"ಹೇಳಿಬಿಡಿ," ಎಂದರು ಆಕೆ.

"ನೀನೇ ಹೇಳು," ಎಂದರು ದೊರೆ.

ಹೊರಡುವ ದಿನ ಮುದುಕಿ, ಇಂಗ್ಲಿಷು ಬಲ್ಲ ಹೋಟೆಲಿನವನನ್ನು ಕರೆತಂದು ಕೇಳಿದಳಂತೆ: ನನ್ನ ಮಗನ ಯಜಮಾನ ನೀನೇ ತಾನೆ? ಹೌದು ಎಂದರಂತೆ ದೊರೆ, ನಗುತ್ತಾ. ಇಷ್ಟು ವರ್ಷ ಅವನಿಗೆ ರಜೆ ಕೊಡದವನೂ ನೀನೇ ತಾನೆ? ಅದಕ್ಕೂ ಹೌದು ಎಂದರಂತೆ. ಚಟೀರನೆ ಬಿತ್ತಂತೆ ಕೆನ್ನೆಗೆ.

ಗಣಿಯಲ್ಲಿ ಸಾವಿರಾರು ಜನ ಯಾರ ಮುಂದೆ ಉಸಿರು ಬಿಡಲೂ ಹೆದರುತ್ತಿದ್ದರೋ ಅವರ ಕೆನ್ನೆಗೆ! ನಾನು ತುಟಿ ಕಚ್ಚಿಕೊಂಡು ಗೋಡೆ ನೋಡಿದೆ. ಮೇಸ್ತ್ರಿ ಮಾತ್ರ ಫೋಟೋದಿಂದ ತಲೆಯೆತ್ತದೆ, ಕಣ್ಣು ಒರೆಸಿಕೊಳ್ಳುತ್ತಾ ಹೇಳಿದ: "ನಮ್ ಅಮ್ಮಾನೂ ಇದೇ ಥರ ದೊರೆ. ಆದ್ರೆ ಅವಳದು ಇನ್ನೂ ಜೋರು."

"ಇನ್ನೂ ಜೋರಾ?" ಎಂದರು ದೊರೆ.

ಮತ್ತೆ ಕೆನ್ನೆ ಮುಟ್ಟಿಕೊಂಡು ನನ್ನ ಕಡೆ ತಿರುಗಿದರು. "ಇವನ ಆರು ತಿಂಗಳ ರಜೆ ಆರ್ಡರು ಈಗಲೇ ಟೈಪು ಮಾಡಿ ತಾ."

ಆಮೇಲೆ ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಬೇರೆಯವರ ಅಮ್ಮನ ಕೈಲಿ ನಿನ್ನ ಪರವಾಗಿ ನಾನು ತಿಂದು ಬಂದೆ. ನಿನ್ನ ಅಮ್ಮನದನ್ನು ನೀನೇ ಹೋಗಿ ತಿನ್ನಪ್ಪ."